ಎರಡು ಪೆಗ್ ಆದಮೇಲೆ ಲೆಕ್ಕ ತಪ್ಪುವುದು ಎಲ್ಲಿ?

2025ರ ಮಾರ್ಚ್‌ನಲ್ಲಿ ವಿಧಾನಸಭೆಯ ಬಜೆಟ್ ಚರ್ಚೆಯ ನಡುವೆ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ಅವರು ಒಂದು ಸಲಹೆ ಕೊಟ್ಟಿದ್ದು ನೆನಪಿರಬಹುದು. ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೀರಿ, ಬಸ್ಸು ಫ್ರೀ ಮಾಡಿದ್ದೀರಿ, ಕುಡಿಯುವ ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದರು. ಸದನದಲ್ಲಿ ನಗೆ, ಟಿ.ವಿ.ಯಲ್ಲಿ ಎರಡು ದಿನ ಚರ್ಚೆ, ಮೊಬೈಲ್‌ಗಳಲ್ಲಿ ಮೀಮು. ಅದೇ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ನಿಗದಿಯಾದ ಗುರಿ 40,000 ಕೋಟಿ ರೂಪಾಯಿ. ಈ ಎಲ್ಲ ಮಾತಿನಲ್ಲಿ ಹೆಣ್ಣು ಬಂದಿದ್ದು ಎರಡೇ ವೇಷದಲ್ಲಿ: ಹಣ ಪಡೆಯುವವಳಾಗಿ, ಇಲ್ಲವೇ ಕುಡುಕನ ಹೆಂಡತಿಯಾಗಿ. ಕುಡಿಯುವ ಹೆಣ್ಣು ಅಲ್ಲಿ ಇರಲಿಲ್ಲ. ಅವಳು ನಮ್ಮ ಸಾರ್ವಜನಿಕ ಮಾತಿಗೆ ಬರುವುದು ಯಾರಾದರೂ ಅವಳನ್ನು ಹೊಡೆದಾಗ ಮಾತ್ರ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಯುವತಿಯರನ್ನು ಬೀದಿಗೆ ಎಳೆದು ಹೊಡೆದರು. 2012ರ ಜುಲೈನಲ್ಲಿ ಅದೇ ಊರಿನ ಹೋಂಸ್ಟೇನಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದವರ ಮೇಲೆ ಹಲ್ಲೆಯಾಯಿತು. ಆಗ ಎಲ್ಲರೂ ಸಂಸ್ಕೃತಿಯ ಬಗ್ಗೆ ಮಾತಾಡಿದರು. ಆರೋಗ್ಯದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ನನಗೆ ಮಾತಾಡಬೇಕಿರುವುದು ಆರೋಗ್ಯದ ಬಗ್ಗೆಯೇ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಒಬ್ಬ ಯುವತಿ ಕುಡಿದಾಗ, ಮುಂದೆ ನಡೆಯುವ ಲೈಂಗಿಕ ಸಂಬಂಧದಿಂದ ತನಗೆ ಸೋಂಕು ತಗಲಬಹುದು, ಗರ್ಭ ನಿಲ್ಲಬಹುದು ಎನ್ನುವ ಅಂದಾಜು ಅವಳ ತಲೆಯಲ್ಲಿ ಹೇಗೆ ಬದಲಾಗುತ್ತದೆ ಎನ್ನುವುದು. ಗುರುಗುಂಟಾದಂಥ ಊರಿನಿಂದ ಇದನ್ನು ಬರೆದರೆ "ನಮ್ಮ ಕಡೆ ಹುಡುಗೇರು ಎಲ್ಲಿ ಕುಡೀತಾರವ್ವ?" ಎನ್ನುವವರೇ ಹೆಚ್ಚು. ಮೊದಲು ಅವರಿಗೇ ಉತ್ತರ ಹೇಳಿಬಿಡುತ್ತೇನೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 16.5ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ಶೇ 0.9. ನೂರಕ್ಕೆ ಒಬ್ಬಳೂ ಇಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವರ ಮುಂದೆ "ಹೌದು, ಕುಡಿಯುತ್ತೇನೆ" ಎಂದು ಒಪ್ಪಿಕೊಳ್ಳುವ ಹೆಂಗಸು ನಮ್ಮಲ್ಲಿ ಎಷ್ಟು ಮಂದಿ ಇದ್ದಾಳೆ ಎನ್ನುವುದು ಬೇರೆ ಮಾತು. ಆ ಅಂಕಿಯನ್ನೇ ನಂಬೋಣ. ಆದರೆ ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಎರಡು ದಶಕಗಳ ಹಿಂದೆಯೇ ಕರ್ನಾಟಕದ ಜಿಲ್ಲೆಗಳಲ್ಲಿ ಮಹಿಳೆಯರ ಕುಡಿತದ ಅಧ್ಯಯನ ಮಾಡಿ, ಕುಡಿಯುವ ಹೆಂಗಸರ ಸಂಖ್ಯೆ ಕಡಿಮೆಯಾದರೂ ಕುಡಿಯುವವರು ಒಂದು ಸಲಕ್ಕೆ ಕುಡಿಯುವ ಪ್ರಮಾಣ ಗಂಡಸರಿಗಿಂತ ಅಷ್ಟೇನೂ ಹಿಂದಿಲ್ಲ ಎಂದು ತೋರಿಸಿದ್ದರು. ಅಂದರೆ ಕದ್ದು ಕುಡಿಯುವವಳು ನಿಧಾನವಾಗಿ, ಸ್ವಲ್ಪವೇ ಕುಡಿಯುತ್ತಾಳೆ ಎಂದುಕೊಳ್ಳಬೇಕಾಗಿಲ್ಲ. ಕದ್ದು ಕುಡಿಯುವಾಗ ಬೇಗ ಬೇಗ ಕುಡಿಯುತ್ತಾರೆ. ಅದು ಹಾಸ್ಟೆಲ್ ಟೆರೇಸ್ ಇರಲಿ, ಗೆಳತಿಯ ರೂಮ್ ಇರಲಿ, ಸಮಯ ಕಡಿಮೆ, ಭಯ ಹೆಚ್ಚು.

ಇನ್ನು ನಮ್ಮ ರಾಯಚೂರು ಜಿಲ್ಲೆಗೇ ಬಂದರೆ, ಇಲ್ಲಿ 'ಕುಡಿತ' ಎಂದರೆ ಬರೀ ಬಿಯರು, ವಿಸ್ಕಿ ಅಲ್ಲ. ರಾಯಚೂರು ನಗರ, ತೆಲಂಗಾಣದ ಗಡಿ ಭಾಗದಲ್ಲಿ ಸೇಂದಿ ಎಂದು ಮಾರುವುದರಲ್ಲಿ ಈಚಲು ಮರದ ರಸ ಎಷ್ಟಿದೆಯೋ ದೇವರಿಗೇ ಗೊತ್ತು. ನೀರಿಗೆ ಸಿ.ಎಚ್. ಪೌಡರ್ ಕಲಸಿ ಕೊಡುತ್ತಾರೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಅದು ಹಿಂದೆ ಆಸ್ಪತ್ರೆಗಳಲ್ಲಿ ನಿದ್ದೆ ಬರಿಸಲು ಕೊಡುತ್ತಿದ್ದ ರಾಸಾಯನಿಕ. ದಾಳಿ, ಜಪ್ತಿ, ಬಂಧನದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇಡೀ ದಿನ ಕೂಲಿ ಮಾಡಿ ಮೈಕೈ ನೋವಿಗೆಂದು ಇದನ್ನು ಕುಡಿಯುವ ಹೆಂಗಸರಿದ್ದಾರೆ. ಅವರ ಪೈಕಿ ವಯಸ್ಸಿನ ಹುಡುಗಿಯರೂ ಇದ್ದಾರೆ. ಇವರನ್ನು ಯಾವ ಪಬ್ ಸಂಸ್ಕೃತಿಯ ಚರ್ಚೆಯಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದ್ಯದ ಅಮಲಿನಲ್ಲಿ ತೀರ್ಮಾನ ಮಂಕಾಗುತ್ತದೆ ಎನ್ನುವುದಾದರೆ, ನಿದ್ದೆಯ ಮದ್ದಿನಲ್ಲಿ ತೀರ್ಮಾನ ಎನ್ನುವುದೇ ಉಳಿಯುವುದಿಲ್ಲ.

ಮತ್ತೊಂದು ಕಡೆ, ನಮ್ಮ ತಾಲ್ಲೂಕುಗಳಿಂದ ಓದಲು, ನರ್ಸಿಂಗ್ ಮಾಡಲು, ಗಾರ್ಮೆಂಟ್ಸ್ ಕೆಲಸಕ್ಕೆ, ಕಟ್ಟಡದ ಗುಳೆಗೆ ಬೆಂಗಳೂರು, ಪುಣೆ ಸೇರುವ ಹುಡುಗಿಯರು. ಅಮರೇಶ್ವರ ಜಾತ್ರೆಗೆ ಊರಿಗೆ ಬಂದಾಗ ಕೈತುಂಬ ಬಳೆ, ತಲೆತುಂಬ ಹೂವು ಇಟ್ಟುಕೊಂಡು ಅಜ್ಜಿಯ ಪಕ್ಕ ಕೂರುವ ಹುಡುಗಿಯೇ, ಶನಿವಾರ ರಾತ್ರಿ ಪಿ.ಜಿ.ಯ ಗೆಳತಿಯರ ಜೊತೆ ಮೊದಲ ಬಾರಿ ಬ್ರೀಜರ್ ರುಚಿ ನೋಡಿರುತ್ತಾಳೆ. ನಾನೂ ನಾಲ್ಕು ವರ್ಷ ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದವಳು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಕುಡಿದರೆ ಬುದ್ಧಿ ಕೆಡುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಮಾತು ಪೂರ್ತಿ ನಿಜವಲ್ಲ. ಕುಡಿದವಳಿಗೆ ಕಾಂಡೋಮ್ ಏಕೆ ಬೇಕು ಎನ್ನುವುದು ಮರೆತುಹೋಗಿರುವುದಿಲ್ಲ. ಎಚ್‌ಐವಿ ಹೇಗೆ ಹರಡುತ್ತದೆ ಎಂದು ಕೇಳಿದರೆ ಅವಳು ಸರಿಯಾಗಿಯೇ ಉತ್ತರ ಕೊಡಬಲ್ಲಳು. 1990ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಇದಕ್ಕೆ ಒಂದು ಹೆಸರು ಕೊಟ್ಟರು. ಅದನ್ನು ಕನ್ನಡದಲ್ಲಿ 'ಮದ್ಯದ ಸಮೀಪದೃಷ್ಟಿ' ಎನ್ನಬಹುದು. ಸಮೀಪದೃಷ್ಟಿ ಇರುವವರಿಗೆ ಹತ್ತಿರದ್ದು ಸ್ಪಷ್ಟ, ದೂರದ ಬೋರ್ಡು ಮಸುಕು. ಮದ್ಯ ಮನಸ್ಸಿಗೆ ಮಾಡುವುದೂ ಅದನ್ನೇ. ಗಮನದ ಹರವು ಕಿರಿದಾಗುತ್ತದೆ. ಕಣ್ಣೆದುರು ಇರುವ, ಬಲವಾಗಿ ಸೆಳೆಯುವ ಸಂಗತಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ದೂರದವು ತಲೆಯಲ್ಲಿದ್ದರೂ ತೂಕ ಕಳೆದುಕೊಳ್ಳುತ್ತವೆ.

ಒಬ್ಬ ಯುವತಿಯ ವಿಷಯದಲ್ಲಿ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ಯೋಚಿಸಿ ನೋಡಿ. ಅವನು ಮೆಚ್ಚಿದ್ದಾನೆ ಎನ್ನುವುದು ಹತ್ತಿರ. ಈಗ ಬೇಡ ಎಂದರೆ ಮುಖ ಸಣ್ಣ ಮಾಡುತ್ತಾನೆ ಎನ್ನುವುದೂ ಹತ್ತಿರ. ಕಾಂಡೋಮ್ ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಎನ್ನುತ್ತಾನೆ, ಅಥವಾ ಇವಳಿಗೆ ಇದೆಲ್ಲ ಮೊದಲೇ ಗೊತ್ತು ಎಂದುಕೊಳ್ಳುತ್ತಾನೆ. ಇದಂತೂ ಮೂಗಿನ ತುದಿಯಲ್ಲೇ ಇದೆ. ದೂರದ್ದು ಸೋಂಕು. ಕ್ಲಮೈಡಿಯಾದಂಥ ಸೋಂಕು ಹೆಣ್ಣಿನಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಒಳಗೊಳಗೇ ಇದ್ದು ವರ್ಷಗಳ ನಂತರ ಗರ್ಭನಾಳಕ್ಕೆ ತೊಂದರೆ ಕೊಡುತ್ತದೆ. ಎಚ್‌ಐವಿ ತಗಲಿದರೂ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಕಾಣದ, ನೋಯದ, ಮುಂದೆಂದೋ ಬರುವ ಸಂಗತಿ ಎಚ್ಚರದಲ್ಲಿದ್ದವರಿಗೇ ದೂರ. ಎರಡು ಪೆಗ್ ಆದಮೇಲೆ ಅದು ದಿಗಂತದಾಚೆಗೆ ಹೋಗುತ್ತದೆ.

ಇದನ್ನು ಬರೀ ಊಹೆಯ ಮೇಲೆ ಹೇಳುತ್ತಿಲ್ಲ. ಜರ್ಗನ್ ರೆಮ್ ಮತ್ತು ಸಂಗಡಿಗರು ಇಂಥ 12 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ 'ಅಡಿಕ್ಷನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 0.1 ಮಿಲಿಗ್ರಾಂ ಹೆಚ್ಚಾದಂತೆ, ರಕ್ಷಣೆಯಿಲ್ಲದ ಸಂಬಂಧಕ್ಕೆ ಒಪ್ಪುವ ಇಂಗಿತ ಸುಮಾರು ಶೇ 5ರಷ್ಟು ಏರುತ್ತದೆ ಎಂದು ಅವರು ಕಂಡರು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಆ ಮಿತಿಯ ಮೂರನೇ ಒಂದು ಭಾಗಕ್ಕೇ ಶೇ 5ರ ಏರಿಕೆ. ಅಂದರೆ ಪೊಲೀಸರ ಯಂತ್ರಕ್ಕೆ ಊದಿ ಪಾಸಾಗುವಷ್ಟು ಕುಡಿದವರಲ್ಲೂ ಈ ಬದಲಾವಣೆ ಶುರುವಾಗಿರುತ್ತದೆ. 'ನಾನು ಔಟ್ ಆಗಿಲ್ಲ, ನಂಗೆ ಎಲ್ಲಾ ಗೊತ್ತಾಗ್ತಿದೆ' ಎನ್ನುವ ಧೈರ್ಯಕ್ಕೆ ಹೆಚ್ಚು ಬೆಲೆ ಇಲ್ಲ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೀನೆಟ್ ನಾರಿಸ್, ವಿಲಿಯಂ ಜಾರ್ಜ್ ಮುಂತಾದವರು ಯುವತಿಯರ ಮೇಲೆಯೇ ಇಂಥ ಅಧ್ಯಯನಗಳನ್ನು ವರ್ಷಗಳ ಕಾಲ ನಡೆಸಿದ್ದಾರೆ. ಪ್ರಯೋಗಾಲಯದಲ್ಲಿ ಅಳೆದು ಮದ್ಯ ಕೊಟ್ಟು, ಒಂದು ಕಥೆ ಓದಿಸಿ, ಕಥೆಯ ಆ ಘಟ್ಟದಲ್ಲಿ ಕಾಂಡೋಮ್ ಇಲ್ಲದಿದ್ದರೆ ನೀನು ಏನು ಮಾಡುತ್ತೀ ಎಂದು ಕೇಳುವ ಕ್ರಮ. ಇದಕ್ಕೂ ಮಿತಿಗಳಿವೆ. ಪ್ರಯೋಗಾಲಯದ ಕುರ್ಚಿಯಲ್ಲಿ ಕೂತು ಹೇಳಿದ್ದು ಇಂಗಿತವೇ ಹೊರತು ನಡತೆಯಲ್ಲ. ಅಲ್ಲಿನ ಹುಡುಗಿಯರಿಗೆ ಹಾಸ್ಟೆಲ್ ಗೇಟು ಒಂಬತ್ತಕ್ಕೆ ಮುಚ್ಚುವ ಭಯವಿಲ್ಲ, ಅಪ್ಪನಿಗೆ ಫೋನ್ ಹೋಗುವ ಭಯವೂ ಇಲ್ಲ. ಆದ್ದರಿಂದ ಅಲ್ಲಿನ ಅಂಕಿಯನ್ನು ತಂದು ಇಲ್ಲಿ ಅಂಟಿಸಲಾಗದು. ದಿಕ್ಕು ಮಾತ್ರ ಅದೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಭಾರತವೂ ಸೇರಿ ಎಂಟು ದೇಶಗಳಲ್ಲಿ ಮದ್ಯ ಮತ್ತು ಲೈಂಗಿಕ ಅಪಾಯದ ಸಂಬಂಧವನ್ನು ನೋಡಿತು. ಅದಕ್ಕೂ ಮೊದಲು, 2003ರಲ್ಲಿ, ಪ್ರಭಾ ಚಂದ್ರ ಮತ್ತು ನಿಮ್ಹಾನ್ಸ್‌ನ ಅವರ ಸಹೋದ್ಯೋಗಿಗಳು ವಿಪರೀತ ಕುಡಿಯುವವರ ಲೈಂಗಿಕ ನಡವಳಿಕೆಯ ಬಗ್ಗೆ ಬರೆದಿದ್ದರು. ಬೆಂಗಳೂರಿಗೆ ಇದು ಹೊಸ ವಿಷಯವಲ್ಲ. ನಮ್ಮ ಪಠ್ಯಪುಸ್ತಕಕ್ಕೆ, ನಮ್ಮ ಮನೆಗೆ ಹೊಸದು.

ದೇಹದ ಮಾತನ್ನೂ ಇಲ್ಲಿ ಹೇಳಬೇಕು. ಒಂದೇ ತೂಕದ ಗಂಡು, ಹೆಣ್ಣು ಇಬ್ಬರೂ ಒಂದೇ ಅಳತೆ ಕುಡಿದರೆ ಹೆಣ್ಣಿನ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತದೆ. ಅವಳ ದೇಹದಲ್ಲಿ ನೀರಿನ ಅಂಶ ಕಡಿಮೆ, ಹೊಟ್ಟೆಯಲ್ಲಿ ಮದ್ಯವನ್ನು ಒಡೆಯುವ ಕಿಣ್ವವೂ ಕಡಿಮೆ. ನಮ್ಮ ಹುಡುಗಿಯರಲ್ಲಿ ಮತ್ತೊಂದು ಸೇರುತ್ತದೆ: ಖಾಲಿ ಹೊಟ್ಟೆ. ಮಧ್ಯಾಹ್ನ ಮೆಸ್‌ನಲ್ಲಿ ಅರ್ಧ ತಿಂದು, ಸಂಜೆ ಏನೂ ಇಲ್ಲದೆ, 'ಅವನಿಗೆ ಸರಿಸಮ' ಎಂದು ಕುಡಿಯುವವಳು ಅವನಿಗಿಂತ ಎಷ್ಟೋ ಮುಂದೆ ಹೋಗಿರುತ್ತಾಳೆ.

ಇಷ್ಟು ಹೇಳಿದ ಮೇಲೆ ಒಂದು ತಕರಾರು ಎತ್ತಲೇಬೇಕು. 'ಯುವತಿಯರ ತೀರ್ಮಾನದ ಮೇಲೆ ಮದ್ಯದ ಪರಿಣಾಮ' ಎಂದು ಶೀರ್ಷಿಕೆ ಕೊಟ್ಟ ಕೂಡಲೇ ಇಡೀ ಭಾರ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ಅವಳು ಕುಡಿಯದಿದ್ದರೆ ಸರಿ ಇರುತ್ತಿತ್ತು ಎನ್ನುವ ತೀರ್ಪು ತಾನಾಗಿಯೇ ಬರುತ್ತದೆ. ಆದರೆ ಕಾಂಡೋಮ್ ಹಾಕುವ ದೇಹ ಯಾವುದು? ಅವಳ ಅಂದಾಜು ಎಷ್ಟೇ ಸರಿಯಿದ್ದರೂ ಅದು ಅವನ ಮೇಲೆ ನಡೆಯಬೇಕು. ಅವಳದು ತೀರ್ಮಾನ ಅಲ್ಲ, ಅವನೊಡನೆ ನಡೆಸುವ ಚೌಕಾಸಿ. ಕುಡಿದ ಗಂಡಸಿನ ಗಮನದ ಹರವೂ ಕಿರಿದಾಗಿರುತ್ತದೆ, ಅವನಿಗೆ ಹತ್ತಿರದ್ದು ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಶೇ 16.5 ಮತ್ತು ಶೇ 0.9ರ ಅಂಕಿಗಳನ್ನು ಮತ್ತೊಮ್ಮೆ ನೋಡಿದರೆ, ನಮ್ಮ ರಾಜ್ಯದ ಬಹುಪಾಲು ಪ್ರಕರಣಗಳಲ್ಲಿ ಕುಡಿದಿರುವುದು ಅವನು, ಅಪಾಯ ಹೊರುವುದು ಅವಳು. ಮದುವೆಯಾಗಿ ಇಪ್ಪತ್ತಕ್ಕೇ ಎರಡು ಮಕ್ಕಳಾದ ನಮ್ಮೂರಿನ ಹುಡುಗಿ ಒಂದು ಹನಿಯನ್ನೂ ಮುಟ್ಟಿರುವುದಿಲ್ಲ. ರಾತ್ರಿ ಕುಡಿದು ಬಂದ ಗಂಡನ ಎದುರು ಅವಳ ಜ್ಞಾನ, ಅವಳ ಎಚ್ಚರ ಯಾವ ಕೆಲಸಕ್ಕೆ ಬಂದೀತು? ಅಕ್ರಮವಾಗಿ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ಬಾಟಲಿ ಮಾರುವುದನ್ನು ನಿಲ್ಲಿಸಿ ಎಂದು ರಾಯಚೂರು ಜಿಲ್ಲೆಯ ಹೆಂಗಸರು ವರ್ಷಗಳಿಂದ ಕೇಳುತ್ತಿದ್ದಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ನಮ್ಮ ಜಿಲ್ಲೆಯವರು ಅದರಲ್ಲಿ ಬಹಳ ಇದ್ದರು. ಹೊಡೆತ, ಸಾಲ, ಸಾವು ಎಂದು ಅವರು ಹೇಳಿದ್ದು ವರದಿಯಾಯಿತು. ಹಾಸಿಗೆಯ ವಿಷಯ ಬಹಿರಂಗ ವೇದಿಕೆಯಲ್ಲಿ ಹೇಳುವಂಥದ್ದಲ್ಲವಾದ್ದರಿಂದ ಅದು ವರದಿಯಾಗಲಿಲ್ಲ, ಅಷ್ಟೇ. 2007ರ ಜುಲೈ 1ರಂದು ಸಾರಾಯಿ ನಿಂತಿತು. ಸಾರಾಯಿಯ ಜಾಗಕ್ಕೆ ಅಗ್ಗದ ಸ್ಯಾಷೆ ಬಂತು, ಹೆಂಗಸರ ಬೇಡಿಕೆ ಮಾತ್ರ ಇದ್ದಲ್ಲೇ ಇದೆ.

ಹಾಗಾದರೆ ಹುಡುಗಿಯ ಕುಡಿತದ ಬಗ್ಗೆ ಮಾತೇ ಬೇಡವೇ? ಬೇಕು. ಆದರೆ ಅವಳನ್ನು ಬೈಯಲಿಕ್ಕಲ್ಲ. ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಪ್ರಕಾರ, ಅಮಲಿನ ಕಾರಣದಿಂದ ತಾನು ಒಪ್ಪುತ್ತಿರುವುದು ಏನು, ಅದರ ಪರಿಣಾಮ ಏನು ಎಂದು ಅರಿಯಲಾಗದ ಸ್ಥಿತಿಯಲ್ಲಿ ಹೆಣ್ಣು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅದು ಅತ್ಯಾಚಾರ. ಹಳೆಯ ದಂಡ ಸಂಹಿತೆಯಲ್ಲೂ ಇದು ಹೀಗೆಯೇ ಇತ್ತು. ಅವಳು ಯಾರ ಬಲವಂತವಿಲ್ಲದೆ ತಾನೇ ಕುಡಿದಿದ್ದರೂ ಇದು ಬದಲಾಗುವುದಿಲ್ಲ. ಹದಿನೆಂಟು ತುಂಬದವಳಾದರೆ ಪೋಕ್ಸೊ ಕಾಯ್ದೆ, ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಹುಡುಗರ ಹಾಸ್ಟೆಲ್‌ಗಳಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆದು ಹಾಕಿದ್ದನ್ನು ನಾನು ಕಂಡಿಲ್ಲ. ಹುಡುಗಿಯರ ಹಾಸ್ಟೆಲ್‌ನಲ್ಲಿ ಮಾತ್ರ ಸಂಜೆ ಎಷ್ಟು ಗಂಟೆಯೊಳಗೆ ಬರಬೇಕು ಎಂದು ಮೂರು ಕಡೆ ಬರೆದಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಮದ್ಯದ ದೊಡ್ಡ ಹಾನಿ ಆ ರಾತ್ರಿಯದಲ್ಲ, ಮರುದಿನ ಬೆಳಗಿನದು. ಅಮಲು ಇಳಿದಿರುತ್ತದೆ, ಸಮೀಪದೃಷ್ಟಿ ಹೋಗಿ ದೂರದ್ದೆಲ್ಲ ಕಾಣತೊಡಗುತ್ತದೆ. ಆಗ ಅವಳು ಮೊದಲು ಮಾಡುವುದು ಏನು? ಮೊಬೈಲ್‌ನಲ್ಲಿ ಹುಡುಕಿ, ಗೆಳತಿಯ ಮೂಲಕ ಮೆಡಿಕಲ್ ಶಾಪ್‌ನಿಂದ ಒಂದು ಮಾತ್ರೆ ತರಿಸುವುದು. 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕದ ಹೆಸರು ಟಿ.ವಿ. ಜಾಹೀರಾತಿನಿಂದಾಗಿ ನಮ್ಮ ಹಳ್ಳಿಯವರಿಗೂ ಗೊತ್ತು. ಮಾತ್ರೆ ನುಂಗಿದ ಕೂಡಲೇ ಅಪಾಯ ಮುಗಿಯಿತು ಎಂದು ನಿಟ್ಟುಸಿರು. ಆ ಮಾತ್ರೆ ಗರ್ಭವನ್ನು ತಡೆಯಬಹುದು, ಸೋಂಕನ್ನು ತಡೆಯುವುದಿಲ್ಲ. ಎಚ್‌ಐವಿ ಸೋಂಕಿನ ಅಪಾಯವಿದ್ದರೆ ಅದಕ್ಕೂ 72 ಗಂಟೆಯ ಲೆಕ್ಕವೇ ಇದೆ: ಅಷ್ಟರೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ವೈದ್ಯರ ಸಲಹೆಯಂತೆ ಔಷಧ ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕು ನೆಲೆಯೂರುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಇದಕ್ಕೆ ಪಿಇಪಿ ಎನ್ನುತ್ತಾರೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಯಾವುದೇ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಮೊದಲನೆಯ 72 ಗಂಟೆ ಎಲ್ಲರಿಗೂ ಗೊತ್ತು, ಎರಡನೆಯ 72 ಗಂಟೆ ನನ್ನ ಹಾಸ್ಟೆಲ್‌ನಲ್ಲಿ ನರ್ಸಿಂಗ್ ಓದುತ್ತಿದ್ದವರನ್ನು ಬಿಟ್ಟರೆ ಒಬ್ಬರಿಗೂ ಗೊತ್ತಿರಲಿಲ್ಲ. ಒಂದಕ್ಕೆ ಜಾಹೀರಾತಿದೆ, ಇನ್ನೊಂದಕ್ಕೆ ಇಲ್ಲ.

ಗೊತ್ತಿದ್ದರೂ ಹೋಗುತ್ತಾಳೆಯೇ? ಇಲ್ಲೇ ಕುಡಿತ ಅಡ್ಡ ಬರುತ್ತದೆ. ವೈದ್ಯರ ಮುಂದೆ ಕೂತರೆ ಮೊದಲ ಪ್ರಶ್ನೆ "ಮದುವೆ ಆಗಿದೆಯಾ?" ಎರಡನೆಯದು "ಅಲ್ಲಿಗೆ ಯಾಕೆ ಹೋಗಿದ್ದೆ?" ಮೂರನೆಯ ಪ್ರಶ್ನೆಗೆ "ಕುಡಿದಿದ್ದೆ" ಎಂದು ಹೇಳಬೇಕಾಗುತ್ತದೆ. ನನ್ನ ಜೊತೆಗಿದ್ದ ಒಬ್ಬಳು ಹೀಗೆ ಒಂದು ಕ್ಲಿನಿಕ್‌ನಲ್ಲಿ ನಿಜ ಹೇಳಿ, ಪರೀಕ್ಷೆಗೆ ಬದಲಾಗಿ ಹದಿನೈದು ನಿಮಿಷ ಬುದ್ಧಿವಾದ ಕೇಳಿಸಿಕೊಂಡು ಬಂದಳು. ಆಮೇಲೆ ಎಲ್ಲಿಗೂ ಹೋಗಲಿಲ್ಲ. ಬುದ್ಧಿವಾದಕ್ಕೆ ಶುಲ್ಕ ಇನ್ನೂರು ರೂಪಾಯಿ ಎಂದು ನಾವು ನಕ್ಕೆವು. ನಗುವಂಥದ್ದು ಏನೂ ಇರಲಿಲ್ಲ. ಕುಡಿದಿದ್ದಕ್ಕೆ ನಾಚಿಕೆ, ನಾಚಿಕೆಗೆ ಮೌನ, ಮೌನಕ್ಕೆ 72 ಗಂಟೆ ಬಲಿ. ರಕ್ತದಲ್ಲಿ ಮದ್ಯ ಉಳಿಯುವುದು ಕೆಲವು ತಾಸು, ಅದರ ಹೆಸರಿನಲ್ಲಿ ಬಾಯಿ ಮುಚ್ಚಿಸುವ ಶಕ್ತಿ ತಿಂಗಳುಗಟ್ಟಲೆ ಉಳಿಯುತ್ತದೆ.

ಹೆಣ್ಣುಮಕ್ಕಳ ಕುಡಿತದ ಬಗ್ಗೆ ಊರಿಗೆ ಊರೇ ಕೂಗಾಡಿದಷ್ಟೂ ಈ ಮೌನ ಗಟ್ಟಿಯಾಗುತ್ತದೆ. ಹುಡುಗಿಯರನ್ನು ಕಾಪಾಡುತ್ತೇವೆ ಎನ್ನುವವರೇ ಅವರನ್ನು ಆಸ್ಪತ್ರೆಯಿಂದ ದೂರ ಇಡುತ್ತಿದ್ದಾರೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕಾನೂನು ಇಲ್ಲೂ ಅವಳ ಪರವಾಗಿಯೇ ಇದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ, 2017, ಪರೀಕ್ಷೆಗೆ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು ಎನ್ನುತ್ತದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆಯಾಗದ ಹೆಣ್ಣಿಗೂ ಮದುವೆಯಾದವಳಷ್ಟೇ ಹಕ್ಕಿದೆ ಎಂದು ಹೇಳಿದೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಅಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ. ಲೈಂಗಿಕ ಸೋಂಕುಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್. 1097ಕ್ಕೆ ಫೋನ್ ಮಾಡಿದರೆ ಎಚ್‌ಐವಿ ಬಗ್ಗೆ ಮುಖ ತೋರಿಸದೆ ಕೇಳಬಹುದು. ಒಂದು ಸಲ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಎಂದು ಬಿಡುವುದಲ್ಲ. ಸೋಂಕು ತಗಲಿದ ಕೂಡಲೇ ರಕ್ತದಲ್ಲಿ ಪತ್ತೆಯಾಗದ ಅವಧಿ ಇರುವುದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು.

ಇನ್ನು ಆ ರಾತ್ರಿಯ ಲೆಕ್ಕಕ್ಕೆ ಮರಳುತ್ತೇನೆ. ಮದ್ಯ ಹತ್ತಿರದ್ದನ್ನು ಮಾತ್ರ ಕಾಣಿಸುತ್ತದೆ ಎನ್ನುವುದಾದರೆ, ಎಚ್ಚರಿಕೆಯನ್ನೇ ಹತ್ತಿರ ತಂದಿಟ್ಟರೆ? ಕೆನಡಾದ ಸಂಶೋಧಕಿ ತಾರಾ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಬಾರ್‌ಗೆ ಬಂದವರ ಕೈಗೆ ಒಂದು ಮುದ್ರೆ ಒತ್ತಿದರು. ಕೆಲವರಿಗೆ ಬರೀ ನಗುಮುಖದ ಚಿತ್ರ, ಕೆಲವರಿಗೆ 'ಏಡ್ಸ್ ಕೊಲ್ಲುತ್ತದೆ' ಎನ್ನುವ ಮಾತು. ಏಡ್ಸ್ ಮುದ್ರೆ ಇದ್ದವರಲ್ಲಿ ಕುಡಿದವರು ಕುಡಿಯದವರಿಗಿಂತಲೂ ಹೆಚ್ಚು ಎಚ್ಚರಿಕೆಯ ಉತ್ತರ ಕೊಟ್ಟರು! ಕುಡಿದವರ ಗಮನ ಕಿರಿದಾಗಿತ್ತು, ಆ ಕಿರಿದಾದ ಕಿಂಡಿಯಲ್ಲಿ ಕಾಣುತ್ತಿದ್ದದ್ದು ಕೈಮೇಲಿನ ಮುದ್ರೆ. ಭಯ ಹುಟ್ಟಿಸುವ ಘೋಷಣೆ ನನಗೆ ಇಷ್ಟವಿಲ್ಲ, ಅಂಥ ಗೋಡೆಬರಹಗಳೇ ನಮ್ಮ ಊರುಗಳಲ್ಲಿ ಎಚ್‌ಐವಿ ಇರುವವರನ್ನು ಮನೆಯಿಂದ ಹೊರಗಿಟ್ಟವು. ಅದನ್ನು ಬಿಟ್ಟು ತತ್ವವನ್ನು ಮಾತ್ರ ತೆಗೆದುಕೊಳ್ಳಬಹುದು. ಎಚ್ಚರಿಕೆ ಎಲ್ಲೋ ಕಾಲೇಜಿನ ಸಭಾಂಗಣದ ಭಾಷಣದಲ್ಲಿ ಇದ್ದರೆ ಸಾಲದು, ಕೈಗೆ ಸಿಗುವಂತಿರಬೇಕು.

ಇದನ್ನು ನಮ್ಮ ಭಾಗದ ಕೆಲವು ಹೆಂಗಸರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಕಂಡುಕೊಂಡಿದ್ದರು. 2003ರ ನಂತರ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮುಂತಾದವು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯುವ ಕೆಲಸ ಮಾಡಿದವು. ಮೈಸೂರಿನಲ್ಲಿ ಆಶೋದಯ ಸಮಿತಿಯಂಥ ಅವರದೇ ಸಂಘಗಳು ಬೆಳೆದವು. ಕುಡಿದು ಬಂದ ಗಿರಾಕಿ ಕಾಂಡೋಮ್ ಒಲ್ಲೆ ಎಂದರೆ ಏನು ಮಾಡಬೇಕು, ತಾವೇ ಕುಡಿದಿರುವಾಗ ಏನಾಗುತ್ತದೆ ಎನ್ನುವುದು ಅವರ ಪಾಲಿಗೆ ಸಿದ್ಧಾಂತವಲ್ಲ, ದಿನದ ಕೆಲಸ. ಕಾಂಡೋಮ್ ತಮ್ಮ ಹತ್ತಿರವೇ ಇರಬೇಕು, ಮಾತು ಮೊದಲೇ ಆಗಿರಬೇಕು, ಒಬ್ಬರಿಗೊಬ್ಬರು ಕಣ್ಣಿಟ್ಟಿರಬೇಕು ಎಂದು ಓರಗೆಯವರಿಂದ ಓರಗೆಯವರೇ ಕಲಿತರು. ತೀರ್ಮಾನವನ್ನು ಅಮಲಿನ ಗಳಿಗೆಗೆ ಬಿಡಲಿಲ್ಲ. ದೇವದಾಸಿ ಪದ್ಧತಿಯ ಗಾಯ ಇನ್ನೂ ಮಾಯದ ಜಿಲ್ಲೆ ನಮ್ಮದು. ಆ ಮನೆಗಳ ಹೆಂಗಸರಿಂದ ಕಾಲೇಜು ಹುಡುಗಿಯರು ಕಲಿಯುವುದಿದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಕಾಂಡೋಮ್ ಬ್ಯಾಗಿನಲ್ಲಿಟ್ಟುಕೊಂಡ ಹುಡುಗಿಯನ್ನು ನೋಡುವ ಕಣ್ಣು ಬದಲಾಗದಿದ್ದರೆ ಸಿಯಾಟಲ್‌ನ ಸಂಶೋಧನೆ ಓದಿ ಪ್ರಯೋಜನವಿಲ್ಲ.

ಶಿಕ್ಷಣದ ಮಾತು ಚುಟುಕಾಗಿ. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ನಿಲ್ಲಿಸಿದವು. 2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ಪ್ರಕಟಿಸಿದರು. ಹದಿನೆಂಟು ವರ್ಷ ಕಳೆದುಹೋಯಿತು. ಈ ನಡುವೆ ಶಾಲೆ ಮುಗಿಸಿದವರು ನಾವು. ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವ ಹೆಂಗಸರು ಶೇ 21.6, ಗಂಡಸರು ಶೇ 30.7. ಹೊಸ ಪಾಠದಲ್ಲಿ ಸಂತಾನೋತ್ಪತ್ತಿ ಅಂಗಗಳ ಚಿತ್ರ ಇರಬಹುದು, ಮಾದಕ ವಸ್ತು ಬೇಡ ಎನ್ನುವ ಇನ್ನೊಂದು ಪಾಠವೂ ಇರಬಹುದು. ಈ ಎರಡೂ ಒಂದೇ ರಾತ್ರಿ, ಒಂದೇ ಕೋಣೆಯಲ್ಲಿ ಸೇರುತ್ತವೆ ಎಂದು ಯಾವ ಪಾಠದಲ್ಲಿ ಬರೆಯುತ್ತಾರೆ? ಕುಡಿಯುವ ವಯಸ್ಸಿನ ವಿಷಯದಲ್ಲಿ ಸರ್ಕಾರಕ್ಕೇ ಗೊಂದಲ. 2023ರ ಜನವರಿಯಲ್ಲಿ ಅದನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಬಂದ ಕೂಡಲೇ ಹಿಂದಕ್ಕೆ ಪಡೆದರು. ಎಷ್ಟನೇ ವಯಸ್ಸಿಗೆ ಬಾಟಲಿ ಮಾರಬೇಕು ಎಂದು ಚರ್ಚೆಯಾಯಿತು, ಕುಡಿದವರು ಬೆಳಿಗ್ಗೆ ಯಾರನ್ನು ಕೇಳಬೇಕು ಎನ್ನುವುದು ಚರ್ಚೆಯಾಗಲಿಲ್ಲ.

ದೊಡ್ಡ ಯೋಜನೆ ಏನೂ ಬೇಡ. ಹುಡುಗಿಯರ ಹಾಸ್ಟೆಲ್‌ನ ಬಚ್ಚಲುಮನೆ ಬಾಗಿಲ ಒಳಬದಿಗೆ, ಬೇರೆ ಯಾರೂ ನೋಡದಲ್ಲಿ, ಒಂದು ಚೀಟಿ ಅಂಟಿಸಬಹುದು: ಎರಡೂ 72 ಗಂಟೆಗಳ ವಿಷಯ, 1097, ಹತ್ತಿರದ ಐಸಿಟಿಸಿ ಎಲ್ಲಿದೆ ಎಂಬುದು, 'ಕುಡಿದಿದ್ದರೂ ಬನ್ನಿ' ಎನ್ನುವ ಎರಡು ಪದ. ಹುಡುಗರ ಹಾಸ್ಟೆಲ್‌ಗೆ 63ನೇ ಸೆಕ್ಷನ್. ಗುರುಗುಂಟಾದಂಥ ಊರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಎದುರು ನಿಂತರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ, ಆದ್ದರಿಂದ ನಮ್ಮ ಹುಡುಗಿಯರು ಲಿಂಗಸುಗೂರಿಗೋ ರಾಯಚೂರಿಗೋ ಹೋಗಬೇಕು. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಬೇಡ, ಅಷ್ಟು ಅನುಕೂಲವಾಗಿದೆ. ಆದರೆ ಅವರು ಮನೆಯಿಂದ ಹೊರಡುವುದು ಕಾಲೇಜಿನ ನೆಪದಲ್ಲಿ, ವಾಪಸ್ ಬರಬೇಕಾದದ್ದು ಕಾಲೇಜು ಬಿಡುವ ಹೊತ್ತಿಗೆ. ಸ್ನೇಹ ಕ್ಲಿನಿಕ್‌ನ ಬಾಗಿಲು ವಾರದಲ್ಲಿ ಎರಡು ದಿನವಾದರೂ ಸಂಜೆ ನಾಲ್ಕರಿಂದ ಆರರವರೆಗೆ ತೆರೆದಿರುವಂತೆ, ಆಮೇಲೆ ಗುರುಗುಂಟಾ ಕಡೆಗೆ ಒಂದು ಬಸ್ಸು ಇರುವಂತೆ ಆರೋಗ್ಯ ಇಲಾಖೆಯವರು, ಡಿಪೊ ಮ್ಯಾನೇಜರು ಒಮ್ಮೆ ಕೂತು ಮಾತಾಡಿಕೊಂಡರೆ ಸಾಕು.